ಟ್ಯೂಬ್ ತೆಗೆದು ಟ್ಯೂಬ್‌ಲೆಸ್: ಸೈಕಲ್ ಚಕ್ರವನ್ನು ಮನೆಯಲ್ಲೇ ಬದಲಿಸುವ ಬಗೆ

ಸೈಕಲ್ಲಿಗೆ ಮನೆಯಲ್ಲೇ ಟ್ಯೂಬ್‌ಲೆಸ್ ಮಾಡಿಕೊಳ್ಳಬಹುದಾ? ಅದಕ್ಕೆ ಕಂಪ್ರೆಸರ್ ಬೇಕೇ ಬೇಕಾ? ಈಗಿರುವ ರಿಮ್ ನಡೆಯುತ್ತಾ? ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಮಾಡಿಕೊಳ್ಳಬಹುದು. ಕಂಪ್ರೆಸರ್ ಇಲ್ಲದೆಯೂ ಆಗುತ್ತದೆ. ರಿಮ್ ಮಾತ್ರ ಯಾವುದಾದರೂ ನಡೆಯುತ್ತದೆ ಅಂತ ಹೇಳಲು ಬರುವುದಿಲ್ಲ.

ಶುರು ಮಾಡುವ ಮೊದಲು ಒಂದು ಮಾತು. ಮೊದಲ ಸಲ ಮಾಡುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಸೀಲಂಟ್, ಅಂದರೆ ಟೈರಿನೊಳಗೆ ಹಾಕುವ ತೂತು ಮುಚ್ಚುವ ದ್ರವ, ಸುರಿದರೆ ಎಲ್ಲ ಸೋರಿಕೆಯೂ ತಾನಾಗಿ ನಿಲ್ಲುತ್ತದೆ ಅಂದುಕೊಂಡು ರಿಮ್ಮಿನ ಒಳಗೆ ಟೇಪ್ ಸುತ್ತುವ ಕೆಲಸವನ್ನು ಅವಸರದಲ್ಲಿ ಮುಗಿಸಿಬಿಡುತ್ತಾರೆ. ಸೀಲಂಟ್ ಇರುವುದು ದಾರಿಯಲ್ಲಿ ಚುಚ್ಚುವ ಮುಳ್ಳಿಗೆ, ಕೆಟ್ಟ ಟೇಪಿಗಲ್ಲ. ಒಂದು ಹನಿ ಸೀಲಂಟ್ ಇಲ್ಲದೆ ಚಕ್ರದಲ್ಲಿ ಗಾಳಿ ನಿಲ್ಲಬೇಕು. ಅಲ್ಲಿಯವರೆಗೆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಟ್ಯೂಬ್ ಇಲ್ಲದೆ ಗಾಳಿ ನಿಲ್ಲುವುದು ಹೇಗೆ

ಟೈರಿನ ಎರಡೂ ಅಂಚಿನಲ್ಲಿ ಸುತ್ತಲೂ ಒಂದು ಗಟ್ಟಿ ಸುತ್ತು ಇರುತ್ತದೆ. ಅದೇ ಬೀಡ್. ರಿಮ್ಮಿನ ಒಳಗೆ ಎರಡು ಬದಿಯಲ್ಲಿ ಸಣ್ಣ ಕಟ್ಟೆ, ನಡುವೆ ಒಂದು ತಗ್ಗು ಇರುತ್ತದೆ. ಗಾಳಿ ಹೊಡೆದಾಗ ಬೀಡ್ ತಗ್ಗಿನಿಂದ ಮೇಲೆದ್ದು ಕಟ್ಟೆಯ ಮೇಲೆ ಕೂತು, ರಿಮ್ಮಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಕಡ್ಡಿಗಳ ತೂತನ್ನು ಟೇಪ್ ಮುಚ್ಚುತ್ತದೆ. ವಾಲ್ವಿನ ಬುಡದ ರಬ್ಬರ್ ವಾಲ್ವ್ ತೂತನ್ನು ಮುಚ್ಚುತ್ತದೆ. ಗಾಳಿ ತಪ್ಪಿಸಿಕೊಂಡರೆ ಈ ಮೂರರಲ್ಲಿ ಒಂದು ಜಾಗದಿಂದಲೇ, ಇಲ್ಲವೇ ಟೈರಿನಿಂದಲೇ.

ಲಾಭ ಏನು? ರಿಮ್ ಮತ್ತು ನೆಲದ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ಕತ್ತರಿಸಿದಂತಾಗುವ ಪಂಕ್ಚರ್ ಇರುವುದಿಲ್ಲ, ಏಕೆಂದರೆ ಟ್ಯೂಬೇ ಇಲ್ಲ. ಹಾಗಾಗಿ ಗಾಳಿ ಸ್ವಲ್ಪ ಕಮ್ಮಿ ಇಟ್ಟು ಓಡಿಸಬಹುದು. ಹಿಡಿತ ಜಾಸ್ತಿ, ಕುಲುಕಾಟ ಕಮ್ಮಿ. ಸಣ್ಣ ಮುಳ್ಳು ಚುಚ್ಚಿದರೆ ಒಳಗಿನ ಸೀಲಂಟ್ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಮುಳ್ಳಿನ ಹಾದಿಯಲ್ಲಿ, ಕಲ್ಲು ಮಣ್ಣಿನಲ್ಲಿ ಓಡಿಸುವವರಿಗೆ ಇದು ನಿಜವಾಗಿಯೂ ದೊಡ್ಡ ನೆಮ್ಮದಿ. ತಿಂಗಳಿಗೊಮ್ಮೆ ಸೈಕಲ್ ಹೊರಗೆ ತೆಗೆಯುವವರಿಗೆ ಟ್ಯೂಬೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಓಡಿಸದೆ ನಿಲ್ಲಿಸಿದ ಸೈಕಲ್ಲಿನಲ್ಲೂ ಸೀಲಂಟ್ ಒಣಗುತ್ತಲೇ ಇರುತ್ತದೆ.

ನಿಮ್ಮ ರಿಮ್, ನಿಮ್ಮ ಟೈರ್

ರಿಮ್ಮಿನ ಮೇಲೆ 'ಟ್ಯೂಬ್‌ಲೆಸ್ ರೆಡಿ' ಎಂದೋ 'ಟ್ಯೂಬ್‌ಲೆಸ್ ಕಂಪ್ಯಾಟಿಬಲ್' ಎಂದೋ ಬರೆದಿರುತ್ತದೆ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ರಿಮ್ ಮಾಡೆಲ್ ಹೆಸರು ಹಿಡಿದು ತಯಾರಕರ ಮಾಹಿತಿ ನೋಡಿ. ಅಂಥ ರಿಮ್ಮಿನಲ್ಲಿ ಕಟ್ಟೆಯ ಒಳ ಅಂಚು ಚೂರು ಉಬ್ಬಿರುತ್ತದೆ. ಗಾಳಿ ಇಳಿದರೂ ಬೀಡ್ ತಗ್ಗಿಗೆ ಜಾರದಂತೆ ಆ ಉಬ್ಬು ತಡೆಯುತ್ತದೆ. ಬರೀ ಟ್ಯೂಬಿಗೆಂದು ಮಾಡಿದ ಹಳೇ ರಿಮ್ಮಿನಲ್ಲಿ ಇದು ಇರುವುದಿಲ್ಲ. ಅದಕ್ಕೆ ಹೇಗೋ ಟೇಪ್ ಸುತ್ತಿ ನಿಲ್ಲಿಸಿದವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ತಿರುವಿನಲ್ಲಿ ಟೈರ್ ಕಳಚಿಕೊಂಡರೆ ಪೆಟ್ಟು ಬೀಳುವುದು ನಿಮಗೆ.

ಟೈರ್ ಕೂಡ ಟ್ಯೂಬ್‌ಲೆಸ್ ರೆಡಿ ಆಗಿರಬೇಕು. ಅದರ ಬೀಡ್ ಹಿಗ್ಗುವುದಿಲ್ಲ. ಸಾಮಾನ್ಯ ಟೈರಿನ ಬೀಡ್ ಒತ್ತಡಕ್ಕೆ ಹಿಗ್ಗಿ ರಿಮ್ಮಿನಿಂದ ಹಾರಿಹೋಗಬಹುದು. ಅದರ ಬದಿಗೋಡೆಯಿಂದ ಗಾಳಿಯೂ ಸೋರುತ್ತದೆ.

ಅಳತೆಗೆ ಇಂಚಿನ ಲೆಕ್ಕ ನಂಬಬೇಡಿ. ಟೈರಿನ ಬದಿಯಲ್ಲಿ 40-622 ಎಂಬಂಥ ಅಂಕೆ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಬೀಡ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ರಿಮ್ಮಿನ ಮೇಲೂ ಅದೇ ವ್ಯಾಸ ಇರಬೇಕು. 700ಸಿ ಮತ್ತು 29 ಇಂಚು ಎರಡೂ 622. 27.5 ಇಂಚು ಅಂದರೆ 584. ಸಾಮಾನ್ಯ 26 ಇಂಚಿನ ಮೌಂಟನ್ ಬೈಕ್ ಅಂದರೆ 559.

ಇನ್ನೊಂದು ಎಚ್ಚರ ಹುಕ್‌ಲೆಸ್ ರಿಮ್ ಇರುವವರಿಗೆ. ರಿಮ್ಮಿನ ಗೋಡೆಯ ತುದಿ ಒಳಕ್ಕೆ ಬಾಗಿ ಕೊಕ್ಕೆಯಂತೆ ಇಲ್ಲದೆ ನೇರವಾಗಿದ್ದರೆ ಅದು ಹುಕ್‌ಲೆಸ್. ಅದಕ್ಕೆ ಟ್ಯೂಬ್‌ಲೆಸ್ ಟೈರ್ ಮಾತ್ರ ಹಾಕಬೇಕು. ಅದೂ ಹುಕ್‌ಲೆಸ್ಸಿಗೆ ಸರಿ ಎಂದು ತಯಾರಕರು ಹೇಳಿರುವ ಟೈರ್ ಆಗಿರಬೇಕು. ಒತ್ತಡ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಬಾರದು. ಟೈರ್ ಕೂರಿಸುವ ಒಂದು ನಿಮಿಷಕ್ಕೂ ದಾಟಬಾರದು.

ಏನೇನು ಬೇಕು

ಟ್ಯೂಬ್‌ಲೆಸ್ ಟೇಪ್, ಟ್ಯೂಬ್‌ಲೆಸ್ ವಾಲ್ವ್ ಎರಡು, ಸೀಲಂಟ್, ವಾಲ್ವ್ ಕೋರ್ ಬಿಚ್ಚುವ ಚಿಕ್ಕ ಸಾಧನ, ಪ್ಲಾಸ್ಟಿಕ್ ಟೈರ್ ಲಿವರ್, ಸೂಜಿ ಇಲ್ಲದ ಸಿರಿಂಜ್, ನೆಲಕ್ಕಿಟ್ಟು ಹೊಡೆಯುವ ದೊಡ್ಡ ಪಂಪ್, ಐಸೊಪ್ರೊಪೈಲ್ ಆಲ್ಕೋಹಾಲ್, ಸೋಪು ನೀರು, ನೂಲು ಬಿಡದ ಬಟ್ಟೆ. ಇವುಗಳ ಜೊತೆ ಒಂದು ಹಳೇ ಟ್ಯೂಬ್ ಇಟ್ಟುಕೊಳ್ಳಿ. ಅದು ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಟೇಪ್ ರಿಮ್ಮಿನ ಒಳ ಅಗಲಕ್ಕಿಂತ 2ರಿಂದ 5 ಮಿಮೀ ಜಾಸ್ತಿ ಅಗಲ ಇರಲಿ. ತಗ್ಗಿಗೆ ಇಳಿದು ಮತ್ತೆ ಎರಡೂ ಕಟ್ಟೆ ಮುಚ್ಚಬೇಕಲ್ವಾ, ಅದಕ್ಕೆ. ಟ್ಯೂಬಿನ ಕೆಳಗೆ ಇದ್ದ ಬಟ್ಟೆಯ ಅಥವಾ ರಬ್ಬರಿನ ಪಟ್ಟಿ ಕಡ್ಡಿಯ ತಲೆ ಟ್ಯೂಬಿಗೆ ಚುಚ್ಚದಂತೆ ತಡೆಯಲು ಇರುವುದು. ಅದು ಗಾಳಿ ತಡೆಯುವುದಿಲ್ಲ. 622ರ ಚಕ್ರಕ್ಕೆ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಟೇಪ್ ಹಿಡಿಯುತ್ತದೆ. 10 ಮೀಟರಿನ ಸುರುಳಿ ಇದ್ದರೆ ಎರಡು ಚಕ್ರಕ್ಕೂ ಎರಡೆರಡು ಸುತ್ತು ಬರುತ್ತದೆ.

ವಾಲ್ವ್ ಕೊಳ್ಳುವ ಮೊದಲು ರಿಮ್ಮಿನ ತೂತು ನೋಡಿ. ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ತೂತು ಸುಮಾರು 6.5 ಮಿಮೀ ಇರುತ್ತದೆ. ಬೈಕು ಕಾರುಗಳಲ್ಲಿ ಇರುವಂಥ ದಪ್ಪ ಶ್ರೇಡರ್ ವಾಲ್ವಿಗೆ 8.5 ಮಿಮೀ ಇರುತ್ತದೆ. ದಪ್ಪ ತೂತಿಗೆ ತೆಳ್ಳಗಿನ ವಾಲ್ವ್ ಹಾಕಿದರೆ ನೆಟ್ಟಗೆ ಕೂರುವುದಿಲ್ಲ, ಸೋರುತ್ತದೆ. ವಾಲ್ವಿನ ಕೋರ್, ಅಂದರೆ ಗಾಳಿ ಬಿಡುವ ಮುಚ್ಚುವ ಒಳಗಿನ ತುಂಡು, ಬಿಚ್ಚಲು ಬರುವಂಥದ್ದೇ ಇರಲಿ.

1. ಚಕ್ರದ ಬೆಂಡ್ ಮೊದಲು ತೆಗೆಸಿ

ಚಕ್ರ ತಿರುಗಿಸಿ ನೋಡಿ. ಆ ಕಡೆ ಈ ಕಡೆ ಅಲ್ಲಾಡುತ್ತಿದ್ದರೆ ಕಡ್ಡಿ ಬಿಗಿ ಮಾಡಿ ನೇರ ಮಾಡಿಸಿಕೊಳ್ಳಿ. ಸಡಿಲವಾದ, ಸವೆದ ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಹಿಡಿದಿಡುವ ಚಿಕ್ಕ ನಟ್ಟು) ಇದ್ದರೆ ಈಗಲೇ ಬದಲಿಸಿ. ಆಮೇಲೆ ಒಂದು ನಿಪ್ಪಲ್ ಬದಲಿಸಬೇಕಾದರೂ ಟೇಪ್ ಪೂರ್ತಿ ಕಿತ್ತು ಮತ್ತೆ ಸುತ್ತಬೇಕಾಗುತ್ತದೆ.

2. ರಿಮ್ ಒರೆಸಿ

ಟೈರ್, ಟ್ಯೂಬ್, ಹಳೇ ಪಟ್ಟಿ ಎಲ್ಲ ತೆಗೆಯಿರಿ. ಹಳೇ ಟೇಪಿನ ಅಂಟು ಉಳಿದಿದ್ದರೆ ಆಲ್ಕೋಹಾಲಿನಲ್ಲಿ ನೆನೆದ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಆಮೇಲೆ ಚೊಕ್ಕ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಲು ಬಿಡಿ. ಒರೆಸಿದ ಮೇಲೆ ಒಳಭಾಗಕ್ಕೆ ಬೆರಳು ತಾಗಿಸಬೇಡಿ, ಕೈಯ ಜಿಡ್ಡಿಗೂ ಟೇಪ್ ಅಂಟುವುದಿಲ್ಲ. ವಾಲ್ವ್ ತೂತಿನ ಅಂಚು ಚೂಪಾಗಿದ್ದರೆ ನಯವಾದ ಮರಳು ಕಾಗದದಿಂದ ಒಂದೆರಡು ಸಲ ಉಜ್ಜಿ ಮಟ್ಟ ಮಾಡಿ.

3. ಟೇಪ್ ಸುತ್ತಿ

ಇಡೀ ಕೆಲಸದಲ್ಲಿ ಅತಿ ಮುಖ್ಯ ಹಂತ ಇದು. ಸಮಯ ತೆಗೆದುಕೊಳ್ಳಿ.

ವಾಲ್ವ್ ತೂತಿಗಿಂತ ಒಂದು ಗೇಣಿನಷ್ಟು ಹಿಂದೆ ಟೇಪಿನ ತುದಿ ಅಂಟಿಸಿ. ಹೆಬ್ಬೆರಳಿನಿಂದ ತುದಿಯನ್ನು ಒತ್ತಿ ಹಿಡಿದು, ಟೇಪನ್ನು ಚೆನ್ನಾಗಿ ಎಳೆದು ಬಿಗಿಯಾಗಿ ಸುತ್ತುತ್ತಾ ಹೋಗಿ. ಎಳೆತ ಸಾಲದಿದ್ದರೆ ಟೇಪ್ ತಗ್ಗಿನೊಳಗೆ ಇಳಿಯುವುದಿಲ್ಲ, ಮೇಲೆ ಸೇತುವೆಯ ಹಾಗೆ ನಿಂತುಬಿಡುತ್ತದೆ. ಕೈಯಳತೆಯಷ್ಟು ಸುತ್ತಿದ ಮೇಲೆ ನಿಲ್ಲಿಸಿ. ನಡುವಿನ ತಗ್ಗನ್ನು ಮೊದಲು ಒತ್ತಿ, ಆಮೇಲೆ ಎರಡು ಬದಿಗೆ ಉಜ್ಜುತ್ತಾ ಬನ್ನಿ. ಮತ್ತೆ ಮುಂದಕ್ಕೆ. ಟೇಪ್ ಒಂದು ಕಡೆಗೆ ವಾಲುತ್ತಿದೆ ಅನಿಸಿದ ಕೂಡಲೇ ಬಿಚ್ಚಿ ಸರಿಮಾಡಿಕೊಳ್ಳಿ. ಮುಂದೆ ತಾನೇ ಸರಿಹೋಗುತ್ತದೆ ಅಂತ ಬಿಟ್ಟರೆ ಇನ್ನಷ್ಟು ವಾಲುತ್ತದೆ. ಸುತ್ತು ಮುಗಿದ ಮೇಲೆ ವಾಲ್ವ್ ತೂತು ದಾಟಿ ಮತ್ತೊಂದು ಗೇಣು ಮುಂದೆ ಕತ್ತರಿಸಿ. ಹೀಗೆ ಮಾಡಿದರೆ ತೂತಿನ ಜಾಗದಲ್ಲಿ ಒಂದು ಪದರ ಜಾಸ್ತಿ ಸಿಗುತ್ತದೆ. ಒತ್ತಡ ಹೆಚ್ಚು ಇಡುವ ರೋಡ್ ಬೈಕಿಗೆ ಎರಡು ಸುತ್ತು ಹಾಕಿ. ಅಗಲ ಟೈರಿಗೆ ಒಂದು ಸಾಕು, ಟೈರ್ ಸಡಿಲ ಇದ್ದರೆ ಮಾತ್ರ ಎರಡು.

ಸಣ್ಣ ಸಣ್ಣ ಗುಳ್ಳೆ ಕಂಡರೆ ಹೆದರಬೇಡಿ, ಗಾಳಿಯ ಒತ್ತಡವೇ ಅವನ್ನು ಒತ್ತಿಬಿಡುತ್ತದೆ. ಅಂಚಿನವರೆಗೂ ಹೋಗಿರುವ ಮಡಿಕೆ ಬೇರೆ ಮಾತು. ಅದು ಗಾಳಿಗೆ ಕಾಲುವೆ. ಅಂಥದ್ದು ಒಂದು ಇದ್ದರೂ ಕಿತ್ತು ಹೊಸ ಟೇಪ್ ಸುತ್ತಿ. ಒಮ್ಮೆ ಕಿತ್ತ ಟೇಪನ್ನು ಮತ್ತೆ ಬಳಸಬೇಡಿ.

ಆತುರ ಇಲ್ಲದಿದ್ದರೆ ಇಲ್ಲಿ ಒಂದು ಉಪಾಯ ಮಾಡಿ. ಟೇಪಿನ ಮೇಲೆ ಹಳೇ ಟ್ಯೂಬ್ ಇಟ್ಟು, ಟೈರ್ ಹಾಕಿ, ಗಾಳಿ ಹೊಡೆದು ಒಂದು ರಾತ್ರಿ ಬಿಡಿ. ವಾಲ್ವಿಗೆ ಜಾಗ ಬೇಕಾಗುವುದರಿಂದ ಅದಕ್ಕೆ ಮೊದಲು ತೂತು ಮಾಡಿಕೊಳ್ಳಬೇಕು (ಮುಂದಿನ ಹಂತ ನೋಡಿ). ಟ್ಯೂಬಿನ ಒತ್ತಡಕ್ಕೆ ಟೇಪ್ ಮೂಲೆ ಮೂಲೆಗೂ ಅಂಟಿಕೊಳ್ಳುತ್ತದೆ. ಮಡಿಸಿಟ್ಟಿದ್ದ ಹೊಸ ಟೈರೂ ಆಕಾರಕ್ಕೆ ಬರುತ್ತದೆ.

4. ವಾಲ್ವ್ ಕೂರಿಸಿ

ತೂತು ಎಲ್ಲಿದೆ ಎಂದು ಬೆರಳಿನಲ್ಲಿ ಮುಟ್ಟಿ ನೋಡಿ. ಟೈರ್ ಕೂರುವ ಕಡೆಯಿಂದ, ಕಾಯಿಸಿದ ದಬ್ಬಳದಿಂದ ಸರಿಯಾಗಿ ನಡುವೆ ಚುಚ್ಚಿ. ಬಿಸಿಗೆ ಅಂಚು ಕರಗಿ ದುಂಡಗಾಗುತ್ತದೆ, ಮುಂದಕ್ಕೆ ಹರಿಯುವುದಿಲ್ಲ. ಚಾಕುವಿನಿಂದ ಅಡ್ಡ ಉದ್ದ ಕೊಯ್ಯಬೇಡಿ, ಕೊಯ್ದ ಸೀಳು ಬೆಳೆಯುತ್ತದೆ. ತೂತು ವಾಲ್ವಿಗಿಂತ ಚಿಕ್ಕದೇ ಇರಲಿ, ವಾಲ್ವನ್ನು ಒತ್ತಿ ತೂರಿಸಿ.

ಬುಡದ ರಬ್ಬರ್ ತಗ್ಗಿನಲ್ಲಿ ನೆಟ್ಟಗೆ ಕೂತಿದೆಯಾ ನೋಡಿಕೊಂಡು ಹೊರಗಿನ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಹಾಕಬೇಡಿ. ಮುಂದೆ ದಾರಿಯಲ್ಲಿ ಟ್ಯೂಬ್ ಹಾಕಬೇಕಾಗಿ ಬಂದರೆ ಈ ವಾಲ್ವನ್ನು ನೀವು ಬರಿಗೈಯಲ್ಲೇ ಬಿಚ್ಚಬೇಕು.

5. ಟೈರ್ ಹಾಕಿ

ಟೈರಿನ ಬದಿಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಅದರಂತೆ ಹಿಡಿದುಕೊಳ್ಳಿ. ಒಂದು ಬದಿಯ ಬೀಡ್ ಮೊದಲು, ಆಮೇಲೆ ಇನ್ನೊಂದು. ಎರಡೂ ಸಲ ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ವಾಲ್ವಿನ ಬುಡ ತಗ್ಗಿನಲ್ಲಿ ಜಾಗ ಹಿಡಿದಿರುವುದರಿಂದ ಅಲ್ಲಿ ಬೀಡ್ ಕೆಳಗೆ ಇಳಿಯುವುದಿಲ್ಲ. ಉಳಿದ ಕಡೆ ಬೀಡನ್ನು ಎರಡೂ ಕೈಯಿಂದ ಹಿಸುಕಿ ತಗ್ಗಿಗೆ ಇಳಿಸುತ್ತಾ ಬಂದರೆ ವಾಲ್ವಿನ ಹತ್ತಿರ ಬೇಕಾದಷ್ಟು ಸಡಿಲ ಸಿಗುತ್ತದೆ. ಕೊನೆಯ ತುಂಡು ಹತ್ತದೆ ಇದ್ದರೆ ಬಲ ಹಾಕಬೇಡಿ. ಎದುರು ಕಡೆ ಬೀಡ್ ತಗ್ಗಿನಿಂದ ಮೇಲೆ ಬಂದಿರುತ್ತದೆ, ಹೋಗಿ ಮತ್ತೆ ಇಳಿಸಿ ಬನ್ನಿ. ಸೋಪು ನೀರು ಹಚ್ಚಿದರೆ ಇನ್ನೂ ಸಲೀಸು. ಲಿವರ್ ಬೇಕೇ ಬೇಕಾದರೆ ಪ್ಲಾಸ್ಟಿಕ್ಕಿನದ್ದು, ಅದೂ ತುದಿ ಮಾತ್ರ ಒಳಗೆ ಹೋಗುವಂತೆ. ಸ್ಕ್ರೂ ಡ್ರೈವರ್ ಹಾಕಿದರೆ ಟೇಪ್ ಹರಿಯುತ್ತದೆ. ಅಷ್ಟು ಹೊತ್ತು ಪಟ್ಟ ಶ್ರಮ ಹಾಳು.

6. ಬೀಡ್ ಕೂರಿಸಿ

ಕಂಪ್ರೆಸರ್ ಪ್ರಶ್ನೆ ಬರುವುದು ಇಲ್ಲಿ. ಬೀಡ್ ಮೇಲೇಳಬೇಕಾದರೆ ಒಳಗೆ ಬರುವ ಗಾಳಿ ಸೋರುವ ಗಾಳಿಗಿಂತ ಜಾಸ್ತಿ ಇರಬೇಕು. ಬೇಕಾಗಿರುವುದು ವೇಗ, ಅತಿಯಾದ ಒತ್ತಡ ಅಲ್ಲ.

ಮೊದಲು ವಾಲ್ವ್ ಕೋರ್ ಬಿಚ್ಚಿ, ಗಾಳಿಯ ದಾರಿ ಅಗಲವಾಗುತ್ತದೆ. ಎರಡೂ ಬೀಡಿಗೆ ಸುತ್ತಲೂ ಸೋಪು ನೀರು ಹಚ್ಚಿ. ವಾಲ್ವಿನ ಹತ್ತಿರ ಬೀಡ್ ರಬ್ಬರಿನ ಮೇಲೆ ಹತ್ತಿ ಕೂತಿರದೆ ಅದರ ಎರಡು ಪಕ್ಕಕ್ಕೆ ಇದೆಯಾ ನೋಡಿ. ಚಕ್ರವನ್ನು ನೆಲಕ್ಕೆ ಊರದೆ ನೇತುಹಾಕಿ. ಈಗ ನಿಲ್ಲಿಸದೆ ಬಿರುಸಾಗಿ ಪಂಪ್ ಹೊಡೆಯಿರಿ. ಠಪ್ ಠಪ್ ಎಂದು ಜೋರು ಸದ್ದು ಬರುತ್ತದೆ. ಅದು ಬೀಡ್ ಕಟ್ಟೆ ಹತ್ತುವ ಸದ್ದು, ಗಾಬರಿ ಬೇಡ. ಆದರೆ ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಟೈರಿನ ಮೇಲೊಂದು, ರಿಮ್ಮಿನ ಮೇಲೊಂದು ಗರಿಷ್ಠ ಒತ್ತಡ ಬರೆದಿರುತ್ತದೆ. ಎರಡರಲ್ಲಿ ಯಾವುದು ಕಮ್ಮಿಯೋ ಅದನ್ನು ದಾಟಬೇಡಿ.

ಕೂತಿದೆಯೋ ಇಲ್ಲವೋ ತಿಳಿಯುವುದು ಸುಲಭ. ಬೀಡಿನ ಸ್ವಲ್ಪ ಮೇಲೆ ಟೈರಿನ ಸುತ್ತ ಒಂದು ತೆಳು ಗೆರೆ ಇರುತ್ತದೆ. ಎರಡೂ ಬದಿಯಲ್ಲಿ ಆ ಗೆರೆ ರಿಮ್ಮಿನಿಂದ ಒಂದೇ ದೂರದಲ್ಲಿ ಕಾಣಬೇಕು. ಎಲ್ಲಾದರೂ ಒಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಇನ್ನೂ ಕೂತಿಲ್ಲ. ಗಾಳಿ ಬಿಟ್ಟು, ಆ ಜಾಗಕ್ಕೆ ಸೋಪು ನೀರು ಹಚ್ಚಿ ಮತ್ತೆ ಹೊಡೆಯಿರಿ. ಒತ್ತಡ ಏರಿಸಿ ಏರಿಸಿ ಕೂರಿಸಲು ಹೋಗಬೇಡಿ.

ಪಂಪಿಗೆ ಜಗ್ಗದಿದ್ದರೆ ಹಳೇ ಟ್ಯೂಬ್ ಮತ್ತೆ ಬರಲಿ. ಟ್ಯೂಬ್ ಹಾಕಿ ಗಾಳಿ ಹೊಡೆದು ಎರಡೂ ಬೀಡ್ ಕೂರಿಸಿ. ಆಮೇಲೆ ಒಂದೇ ಬದಿ ಕಳಚಿ ಟ್ಯೂಬ್ ಹೊರಗೆ ತೆಗೆದು, ಟ್ಯೂಬ್‌ಲೆಸ್ ವಾಲ್ವ್ ಹಾಕಿ. ಒಂದು ಬದಿ ಆಗಲೇ ಕೂತಿರುವುದರಿಂದ ಅರ್ಧ ಸೋರಿಕೆ ನಿಂತಿರುತ್ತದೆ. ಬಹುಪಾಲು ಟೈರ್ ಇಷ್ಟಕ್ಕೇ ಸೋಲುತ್ತವೆ. ಇನ್ನೂ ಆಗದಿದ್ದರೆ ಟೈರಿನ ನೆಲಮುಟ್ಟುವ ಭಾಗದ ನಡುವೆ ಸುತ್ತಲೂ ಒಂದು ಪಟ್ಟಿ ಬಿಗಿದು ನೋಡಿ, ನಡುಭಾಗ ಒಳಗೆ ಒತ್ತಿದಾಗ ಬೀಡ್ ಎರಡು ಬದಿಗೆ ಸರಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಮೊದಲೇ ಗಾಳಿ ತುಂಬಿಟ್ಟುಕೊಂಡು ಒಮ್ಮೆಗೇ ಬಿಡುವ ಟ್ಯಾಂಕ್ ಇರುವ ಪಂಪ್ ಆಗಬಹುದು, ಕಂಪ್ರೆಸರ್ ಆಗಬಹುದು.

ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಗಾಳಿಯ ಟ್ಯಾಂಕ್ ಮಾಡಿಕೊಳ್ಳುವುದು, ಸ್ಪ್ರೇ ಹೊಡೆದು ಬೆಂಕಿ ಕೊಟ್ಟು ಕೂರಿಸುವುದು ವಿಡಿಯೊಗಳಲ್ಲಿ ಕಾಣುತ್ತವೆ. ಎರಡನ್ನೂ ಮಾಡಬೇಡಿ. ಬಾಟಲಿ ಸಿಡಿದರೆ ಕಣ್ಣು ಹೋಗುತ್ತದೆ. ಬೆಂಕಿ ಟೈರನ್ನೂ ಸುಡುತ್ತದೆ, ನಿಮ್ಮನ್ನೂ ಸುಡುತ್ತದೆ.

7. ಸೀಲಂಟ್ ಇಲ್ಲದೆ ಪರೀಕ್ಷೆ

ಪಂಪ್ ತೆಗೆದ ಕೂಡಲೇ ಗಾಳಿ ಹೊರಗೆ ಹೋಗುತ್ತದೆ, ಕೋರ್ ಇಲ್ಲವಲ್ಲ. ಕೂತ ಬೀಡ್ ಮಾತ್ರ ಹಾಗೇ ಇರುತ್ತದೆ. ಕೋರ್ ಹಾಕಿ ಮತ್ತೆ ಗಾಳಿ ತುಂಬಿ ಅರ್ಧ ಗಂಟೆ ಬಿಡಿ. ಸ್ವಲ್ಪ ಇಳಿದರೆ ಪರವಾಗಿಲ್ಲ. ಮೆತ್ತಗಾಗಿಬಿಟ್ಟರೆ ಎಲ್ಲಿ ಸೋರುತ್ತಿದೆ ಹುಡುಕಬೇಕು. ಎಲ್ಲ ಕಡೆ ಸೋಪು ನೀರು ಸವರಿ ನೊರೆ ಎಲ್ಲಿ ಏಳುತ್ತದೆ ನೋಡಿ.

ಕಡ್ಡಿಯ ಬುಡದಲ್ಲಿ ನೊರೆ ಬಂದರೆ ಟೇಪ್ ತಪ್ಪು. ಯಾವ ಕಡ್ಡಿಯಲ್ಲಿ ಬಂತೋ ಅಲ್ಲೇ ಟೇಪ್ ಹರಿದಿದೆ ಅಂದುಕೊಳ್ಳಬೇಡಿ. ಗಾಳಿ ರಿಮ್ಮಿನ ಟೊಳ್ಳಿನೊಳಗೆ ಎಲ್ಲಿಂದಲೋ ನುಗ್ಗಿ ಎಲ್ಲಿಂದಲೋ ಹೊರಬರುತ್ತದೆ. ಇಡೀ ಟೇಪ್ ಬದಲಿಸಿ. ವಾಲ್ವಿನ ಬುಡದಲ್ಲಿ ಬಂದರೆ ನಟ್ ಚೂರು ಬಿಗಿ ಮಾಡಿ ನೋಡಿ. ಅದಕ್ಕೂ ನಿಲ್ಲದಿದ್ದರೆ ರಬ್ಬರ್ ಬುಡದ ಆಕಾರ ನಿಮ್ಮ ರಿಮ್ಮಿಗೆ ಹೊಂದುತ್ತಿಲ್ಲ, ಬೇರೆ ವಾಲ್ವ್ ತನ್ನಿ. ಬದಿಗೋಡೆಯಲ್ಲಿ ಸೂಜಿಮೊನೆಯಷ್ಟು ಗುಳ್ಳೆ ಬಂದರೆ ಬಿಡಿ, ಅದನ್ನು ಸೀಲಂಟ್ ನೋಡಿಕೊಳ್ಳುತ್ತದೆ.

ಟೇಪ್ ಬದಲಿಸಲು ಇದೇ ಸರಿಯಾದ ಹೊತ್ತು. ಸೀಲಂಟ್ ಹಾಕಿದ ಮೇಲೆ ಆದರೆ ಆ ಅಂಟನ್ನೆಲ್ಲ ತೊಳೆದು ಒಣಗಿಸದೆ ಹೊಸ ಟೇಪ್ ಹಿಡಿಯುವುದಿಲ್ಲ.

8. ಸೀಲಂಟ್ ಹಾಕಿ

ಹೆಚ್ಚಿನ ಸೀಲಂಟುಗಳು ರಬ್ಬರ್ ಹಾಲಿನಿಂದ, ಅಂದರೆ ಲೇಟೆಕ್ಸಿನಿಂದ, ಮಾಡಿದವು. ಲೇಟೆಕ್ಸ್ ಅಲರ್ಜಿ ಇದ್ದರೆ ಅದಿಲ್ಲದ ಸೀಲಂಟ್ ಆರಿಸಿಕೊಳ್ಳಿ. ಬಟ್ಟೆಗೆ ಬಿದ್ದರೆ ಒಣಗುವ ಮೊದಲೇ ನೀರಿನಲ್ಲಿ ತೊಳೆಯಿರಿ, ಒಣಗಿದ ಮೇಲೆ ಹೋಗುವುದಿಲ್ಲ.

ಬಾಟಲಿಯನ್ನು ಒಂದು ನಿಮಿಷ ಜೋರಾಗಿ ಕುಲುಕಿ. ತೂತು ಮುಚ್ಚುವ ಸಣ್ಣ ಕಣಗಳು ತಳದಲ್ಲಿ ಕೂತಿರುತ್ತವೆ. ಗಾಳಿ ನಿಧಾನವಾಗಿ ಬಿಟ್ಟು ಕೋರ್ ಬಿಚ್ಚಿ. ಚಕ್ರಕ್ಕೆ ಭಾರ ಬೀಳದಿರಲಿ, ಇಲ್ಲದಿದ್ದರೆ ಕೂತ ಬೀಡ್ ಕಳಚಬಹುದು. ವಾಲ್ವ್ ಕೆಳಭಾಗದಲ್ಲಿ, ಆದರೆ ತೀರ ತಳಕ್ಕೆ ಬಾರದೆ ಸ್ವಲ್ಪ ಪಕ್ಕದಲ್ಲಿ ಇರುವ ಹಾಗೆ ಚಕ್ರ ತಿರುಗಿಸಿ ಸಿರಿಂಜಿನಿಂದ ಹಾಕಿ. ಅಳತೆಗೆ ಬಾಟಲಿಯ ಮೇಲೆ ಬರೆದದ್ದೇ ಮೊದಲ ಮಾತು. ಸುಮಾರಾಗಿ ಹೇಳುವುದಾದರೆ 28-32 ಮಿಮೀ ರೋಡ್ ಟೈರಿಗೆ 30-45 ಮಿಲಿ, ಜಲ್ಲಿ ಮಣ್ಣಿನ ದಾರಿಗೆಂದು ಮಾಡಿದ 40 ಮಿಮೀ ಆಸುಪಾಸಿನ ಗ್ರಾವೆಲ್ ಟೈರಿಗೆ 60 ಮಿಲಿ, ಮೌಂಟನ್ ಬೈಕ್ ಟೈರಿಗೆ 90-120 ಮಿಲಿ. ಎರಡು ಕಂಪನಿಯ ಸೀಲಂಟ್ ಬೆರೆಸಬೇಡಿ, ಗಟ್ಟಿಯಾಗಬಹುದು.

ಕೋರ್ ಹಾಕಿ ಗಾಳಿ ತುಂಬಿ. ಚಕ್ರ ತಿರುಗಿಸಿ, ಎಡಕ್ಕೆ ಬಲಕ್ಕೆ ವಾಲಿಸಿ ಕುಲುಕಿ. ಬಕೆಟ್ ಮೇಲೆ ಅಡ್ಡ ಮಲಗಿಸಿ ಐದು ನಿಮಿಷ, ಮಗುಚಿ ಹಾಕಿ ಐದು ನಿಮಿಷ. ಆಮೇಲೆ ಹತ್ತಿರದಲ್ಲೇ ಒಂದು ಸುತ್ತು ಓಡಿಸಿ ಬನ್ನಿ. ಒಳಗೆಲ್ಲ ಸಮನಾಗಿ ಹರಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೊದಲ ಒಂದೆರಡು ದಿನ ಗಾಳಿ ಇಳಿಯುವುದು ಮಾಮೂಲು.

ಎಷ್ಟು ಗಾಳಿ ಇಡಬೇಕು

ನಿಮ್ಮ ತೂಕ, ಟೈರಿನ ಅಗಲ, ರಸ್ತೆ ಮೂರೂ ಸೇರಿ ನಿರ್ಧಾರವಾಗುವ ವಿಷಯ ಇದು. ಟ್ಯೂಬ್ ಇದ್ದಾಗ ಇಡುತ್ತಿದ್ದುದಕ್ಕಿಂತ ಸ್ವಲ್ಪ ಕಮ್ಮಿಯಿಂದ ಶುರು ಮಾಡಿ. ಮೌಂಟನ್ ಬೈಕಿನಲ್ಲಿ 20-28, ಗ್ರಾವೆಲ್‌ನಲ್ಲಿ 30-45 ಪಿಎಸ್‌ಐ ಸುತ್ತಮುತ್ತ ಹೆಚ್ಚಿನವರಿಗೆ ಹಿಡಿಸುತ್ತದೆ. ಹಿಂದಿನ ಚಕ್ರಕ್ಕೆ ಒಂದೆರಡು ಪಿಎಸ್‌ಐ ಜಾಸ್ತಿ. ಒಂದೊಂದೇ ಇಳಿಸುತ್ತಾ ನೋಡಿ. ತಿರುವಿನಲ್ಲಿ ಟೈರ್ ಬಳುಕಿದ ಹಾಗಾದರೆ, ಕಲ್ಲಿಗೆ ರಿಮ್ ಬಡಿದರೆ, ಅತಿಯಾಗಿ ಇಳಿಸಿದ್ದೀರಿ ಅಂತ ಅರ್ಥ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ, ಹೊರಡುವ ಮೊದಲು ಪ್ರತಿ ಸಲ ನೋಡಿಕೊಳ್ಳಿ.

ಆಮೇಲೆ ನೋಡಿಕೊಳ್ಳುವುದು

ಸೀಲಂಟ್ 2ರಿಂದ 6 ತಿಂಗಳಲ್ಲಿ ಒಣಗುತ್ತದೆ, ಬಿಸಿಲು ಸೆಕೆ ಇದ್ದರೆ ಬೇಗ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ದ್ರವ ಕುಲುಕುವ ಸದ್ದು ಬಾರದಿದ್ದರೆ ಮತ್ತೆ ಹಾಕುವ ಹೊತ್ತಾಗಿದೆ. ಗಾಳಿ ಹೊಡೆಯುವುದು ಕಷ್ಟವಾದರೆ ಕೋರ್ ಕಟ್ಟಿಕೊಂಡಿರುತ್ತದೆ. ಬಿಚ್ಚಿ ತೊಳೆಯಿರಿ, ಇಲ್ಲವೇ ಹೊಸದು ಹಾಕಿ.

ದೂರ ಹೋಗುವಾಗ ರಬ್ಬರ್ ಎಳೆಗಳ ಪ್ಲಗ್ ಕಿಟ್ ಜೊತೆಗಿರಲಿ. ಸೀಲಂಟಿಗೆ ಮುಚ್ಚಲಾಗದಷ್ಟು ದೊಡ್ಡ ತೂತಿಗೆ ಆ ಎಳೆ ತುರುಕಿದರೆ ಸೀಲಂಟ್ ಅದನ್ನೇ ಹಿಡಿದುಕೊಂಡು ಹೆಪ್ಪುಗಟ್ಟುತ್ತದೆ. ಗಾಳಿ ತುಂಬಲು ಚಿಕ್ಕ ಕೈಪಂಪ್ ಒಳ್ಳೆಯದು, ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಜ್‌ನಿಂದ ಕೆಲವು ಲೇಟೆಕ್ಸ್ ಸೀಲಂಟ್ ಒಳಗೇ ಗಟ್ಟಿಯಾಗುತ್ತವೆ. ಒಂದು ಟ್ಯೂಬೂ ಇರಲಿ. ಟೈರ್ ಸೀಳಿ ಟ್ಯೂಬ್ ಹಾಕಲೇಬೇಕಾಗಿ ಬಂದರೆ ಮೊದಲು ಟೈರಿನ ಒಳಭಾಗವನ್ನು ಸುತ್ತಲೂ ಬಟ್ಟೆಯಿಂದ ಒರೆಸುತ್ತಾ ನಿಧಾನವಾಗಿ ತಡವಿ ನೋಡಿ. ಸೀಲಂಟ್ ಮುಚ್ಚಿಟ್ಟಿದ್ದ ಹಳೇ ಮುಳ್ಳುಗಳೆಲ್ಲ ಅಲ್ಲೇ ಇರುತ್ತವೆ. ಒಂದೊಂದನ್ನೂ ಕಿತ್ತು, ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ಜೇಬಿಗೆ ಹಾಕಿಕೊಂಡು, ಆಮೇಲೆ ಟ್ಯೂಬ್ ಹಾಕಿ.